ಸಂಭವದ ಲೆಕ್ಕ ಹೇಳಿಕೊಡಲು ಹೋಗಿ

ಸಂಭವದ ಲೆಕ್ಕ ಹೇಳಿಕೊಡುವವನ ಮನೆಯಲ್ಲೇ ಊಹಿಸದ್ದೆಲ್ಲ ಸಂಭವಿಸುತ್ತದೆ. ತರೀಕೆರೆಯಲ್ಲಿ ಮೇಷ್ಟ್ರಾಗಿದ್ದಾಗ, ಇಂಟರ್ಮೀಡಿಯೆಟ್ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದ ಕೆಲವರಿಗೆ ಭಾನುವಾರ ನಮ್ಮ ಜಗಲಿಯಲ್ಲಿ ಬೀಜಗಣಿತ, ಅದರಲ್ಲೇ ಬರುವ ಈ ಸಂಭವದ ಲೆಕ್ಕ, ಅಂದರೆ ಪ್ರಾಬಬಿಲಿಟಿ, ಹೇಳಿಕೊಡುತ್ತಿದ್ದೆ.

೧. ಆರನೇ ಸಲ

ಅಮಲ್ದಾರ್ ಕಚೇರಿಯ ಗುಮಾಸ್ತರೊಬ್ಬರು ಬರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು; ಎರಡು ಸಲ ಫೇಲಾಗಿದ್ದರು. ಒಂದು ದಿನ ನಾಣ್ಯ ಚಿಮ್ಮಿ ತೋರಿಸಿದೆ. ಐದು ಸಲವೂ ದೊರೆಯ ತಲೆಯೇ ಮೇಲೆ ಬಿತ್ತು.

"ಆರನೇ ಸಲ?" ಎಂದೆ.

"ಬರಹದ ಕಡೇನೇ ಬೀಳ್ಬೇಕು ಕಣ್ರೀ. ಅದಕ್ಕೂ ಒಂದು ನ್ಯಾಯ ಬೇಡ್ವಾ?"

"ನಾಣ್ಯಕ್ಕೆ ಹಿಂದಿನದು ನೆನಪಿರಲ್ಲ. ಈಗಲೂ ಅರ್ಧಕ್ಕರ್ಧವೇ."

ಅವರ ಮುಖ ಬಾಡಿತು. "ಹಂಗನ್ಬೇಡಿ ಮೇಷ್ಟ್ರೇ. ಎರಡು ಸಲ ಹೋಯ್ತಲ್ಲ, ಮೂರನೇದು ಪಾಸಾಗ್ಲೇಬೇಕು ಅನ್ನೋ ಧೈರ್ಯದ ಮೇಲೆ ಕೂತಿದೀನಿ."

ನನಗೇ ಪಾಪ ಅನ್ನಿಸಿತು. "ನೀವು ನಾಣ್ಯ ಅಲ್ವಲ್ಲ, ನಿಮಗೆ ಹಿಂದೆ ಓದಿದ್ದು ನೆನಪಿರುತ್ತೆ" ಎಂದೆ.

"ನೆನಪಿದ್ದಿದ್ರೆ ಫೇಲ್ ಯಾಕಾಗ್ತಿದ್ದೆ?" ಎಂದರು.

೨. ವಾಪಸ್ ಹಾಕುವ ಲೆಕ್ಕ

ಬುಕ್ಕಾಂಬುಧಿ ಕಡೆಯ ಯುವಕನೊಬ್ಬ ತರೀಕೆರೆಯಲ್ಲಿ ರೂಮು ಮಾಡಿಕೊಂಡು, ಕೈಯಡುಗೆ ಮಾಡಿಕೊಂಡು ಓದುತ್ತಿದ್ದ. ಒಂದು ಸಣ್ಣ ಚೀಲಕ್ಕೆ ಮೂರು ಕಡಲೆಕಾಯಿ ಬೀಜ, ಎರಡು ಹುರಿಗಡಲೆ ಹಾಕಿ ಅವನ ಮುಂದೆ ಹಿಡಿದೆ.

"ನೋಡದೆ ಒಂದು ತೆಗಿ."

"ಕಡಲೆಕಾಯಿ ಬೀಜ ಸಾರ್. ಐದರಲ್ಲಿ ಮೂರು ಸಂಭವ."

"ಭೇಷ್! ಅದನ್ನ ವಾಪಸ್ ಹಾಕಿ ಇನ್ನೊಂದು ತೆಗಿ."

ಅವನು ಅಲುಗಾಡಲಿಲ್ಲ. ದವಡೆ ಮಾತ್ರ ಆಡುತ್ತಿತ್ತು. "ವಾಪಸ್ ಹಾಕದೇ ಇರೋ ಲೆಕ್ಕ ಮೊದ್ಲು ಮಾಡೋಣ ಸಾರ್" ಎಂದ, ತಲೆ ತಗ್ಗಿಸಿ.

ಒಳಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ ಒಂದು ತಟ್ಟೆ ಉಪ್ಪಿಟ್ಟು ತಂದಿಟ್ಟು, "ಹಸಿದೋರಿಗೆ ಕಡಲೆ ಎಣಿಸೋಕೆ ಕೊಡ್ತಾರೇನ್ರೀ?" ಎಂದು ನನ್ನನ್ನೇ ಗದರಿದಳು. ತಟ್ಟೆ ಖಾಲಿ ಮಾಡಿ, ನೀರು ಕುಡಿದು, ಅವನು ನೆಟ್ಟಗೆ ಕೂತ.

"ಈಗ ವಾಪಸ್ ಹಾಕೋ ಲೆಕ್ಕ ಕೊಡಿ ಸಾರ್. ಧೈರ್ಯವಾಗಿ ಮಾಡ್ತೀನಿ."

೩. ಪಕ್ಕದ ಮನೆಯ ಐದನೇದು

ಆಮೇಲೆ ಅಜ್ಜಂಪುರಕ್ಕೆ ವರ್ಗವಾಯಿತು. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿಗೆ ನಾಲ್ಕು ಹೆಣ್ಣುಮಕ್ಕಳು, ಹೆಂಡತಿ ಮತ್ತೆ ತುಂಬು ಗರ್ಭಿಣಿ. ಈ ಸಲ ಗಂಡಾಗದಿದ್ದರೆ ಮಗನಿಗೆ ಇನ್ನೊಂದು ಮದುವೆ ಎಂದು ಅವನ ತಾಯಿ ಹಟ ಹಿಡಿದಿದ್ದರು.

ಒಂದು ಸಂಜೆ ಅವನು ತಾಯಿಯನ್ನೂ ಕರೆದುಕೊಂಡು ಬಂದ. "ನಂಗೆ ಯಾವ್ದಾದ್ರೂ ಸರಿ ಮೇಷ್ಟ್ರೇ, ಅವಳು ದಿನಾ ಅಳ್ತಾಳೆ. ನಾಲ್ಕು ಹೆಣ್ಣಾದ್ಮೇಲೆ ಐದನೇದು ಏನಾಗುತ್ತೆ, ಲೆಕ್ಕ ಹಾಕಿ ನಮ್ಮವ್ವಂಗೆ ಹೇಳಿ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅರ್ಧ ಗಂಡು, ಅರ್ಧ ಹೆಣ್ಣು. ಅಷ್ಟೇ ಹೇಳಕ್ಕಾಗೋದು" ಎಂದೆ. ಮುದುಕಿ ದುರುಗುಟ್ಟಿ ನೋಡಿ ಎದ್ದುಹೋದರು.

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ವ್ಯಾಪಾರಿ ಓಡಿಬಂದ. "ಮೇಷ್ಟ್ರೇ, ಅವಳಿ! ಒಂದು ಗಂಡು, ಒಂದು ಹೆಣ್ಣು! ನಿಮ್ಮ ಲೆಕ್ಕ ಕೂದಲಷ್ಟೂ ಆಚೀಚೆ ಆಗ್ಲಿಲ್ಲ!"

ನಾನೂ ನನ್ನ ಹೆಂಡತಿಯೂ ನೋಡಲು ಹೋದೆವು. ಬಾಣಂತಿ ನಗುತ್ತಿದ್ದಳು. ಅಜ್ಜಿ ಹೆಣ್ಣುಕೂಸನ್ನೇ ತೊಡೆಯ ಮೇಲೆ ಮಲಗಿಸಿಕೊಂಡು ಮುದ್ದು ಮಾಡುತ್ತಿದ್ದರು. ಇನ್ನು ಎರಡನೇ ಮದುವೆಯ ಮಾತಿಲ್ಲ ಎಂದು ನನಗೂ ಸಮಾಧಾನವಾಯಿತು. ಸಕ್ಕರೆ ಕೊಟ್ಟು, ನನ್ನನ್ನು ಹತ್ತಿರ ಕರೆದು, ಅಜ್ಜಿ ಮೆಲ್ಲಗೆ ಕೇಳಿದರು:

"ಅಲ್ಲ ಕಣಪ್ಪಾ, ಅರ್ಧ ಅಂದಿದ್ದಕ್ಕೇ ಒಂದು ಗಂಡು ಬಂತು. ಪೂರ್ತಿ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"