ಬಾಣಂತಿಯ ಕ್ಯಾಲೊರಿ, ದೊಡ್ಡವ್ವನ ಛಟಾಕು

ನಮ್ಮ ದೊಡ್ಡವ್ವನ ಎದುರು ನಿಲ್ಲುವವರು ಎಂಥವರೇ ಆಗಲಿ, ಒಮ್ಮೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಭಯಕ್ಕಲ್ಲ, ಭಕ್ತಿಗಂತೂ ಅಲ್ಲವೇ ಅಲ್ಲ! ಆಕೆ ಯಾರನ್ನು ಕಂಡರೂ ಮೊದಲು ಅವರ ತೂಕ ಹೇಳುತ್ತಾಳೆ, ಆಮೇಲೆ ಕ್ಷೇಮಸಮಾಚಾರ. ನನ್ನ ಅವ್ವನ ಅಕ್ಕ ಈಕೆ. ಕಮಲಾಪುರದಲ್ಲಿ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವಳು. ತಕ್ಕಡಿ ಮುಟ್ಟದೆ ಬೆಲ್ಲ ಒಡೆದು ಕೊಟ್ಟರೂ ತೂಕ ಅತ್ತಿತ್ತ ಆಗುತ್ತಿರಲಿಲ್ಲವೆಂದು ಸ್ವತಃ ಆಕೆಯೇ ಹೇಳಿದ್ದಾಳೆ. ಬೇರೆ ಸಾಕ್ಷಿ ಏಕೆ ಬೇಕು? ಒಂದು ಮದುವೆಯಲ್ಲಿ ಅಕ್ಷತೆ ಹಾಕಿ ಕೆಳಗಿಳಿದವಳೇ, "ಮದುಮಗಳು ಐವತ್ತೊಂದು ಕೆಜಿ, ಬಂಗಾರ ಬಿಟ್ಟು!" ಎಂದು ಮಂಟಪಕ್ಕೆಲ್ಲ ಕೇಳುವಂತೆ ಸಾರಿಬಿಟ್ಟಳು. ಮದುಮಗಳ ತಾಯಿ ಇಂದಿಗೂ ನಮ್ಮ ಜೊತೆ ಮಾತಾಡುವುದಿಲ್ಲ.

ನನ್ನ ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ನಾನು ಹಡೆದೆನೆಂಬ ಸುದ್ದಿ ತಿಳಿದದ್ದೇ ದೊಡ್ಡವ್ವ ಕಲಬುರಗಿಯ ನಮ್ಮ ಮನೆಗೆ ಬಾಣಂತನಕ್ಕೆ ಹೊರಟಳು. ಜೊತೆಗೆ ಒಂದು ಇಡೀ ಗೊನೆ ಕೆಂಪು ಬಾಳೆಹಣ್ಣು. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಕೇಳಿದನಂತೆ. ಈಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತಮ್ಮಾ, ನೀ ಎಂಬತ್ತೆರಡು ಕೆಜಿ ಅದೀ, ನಿನಗ ಟಿಕೀಟ್ ಇಲ್ಲ. ಹದಿನಾಲ್ಕು ಕೆಜಿ ಬಾಳಿಗೊನಿಗೆ ಟಿಕೀಟ್ ಯಾಕ?" ಎಂದಳಂತೆ. ಕಂಡಕ್ಟರ್ ಮುಂದಿನ ಸೀಟಿಗೆ ನಡೆದ! ಗೊನೆ ಸೀಟಿನ ಮೇಲೆ ಕುಳಿತು ಬಂತು, ದೊಡ್ಡವ್ವ ನಿಂತು ಬಂದಳು.

ಮರುದಿನವೇ ಅಡುಗೆಮನೆ ಆಕೆಯ ವಶವಾಯಿತು. ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಅಂಟು, ಬೆಲ್ಲ, ಇವನ್ನೆಲ್ಲ ತುಪ್ಪದಲ್ಲಿ ಮುಳುಗಿಸಿ ಎತ್ತಿ ಅಂಟಿನುಂಡಿ ಕಟ್ಟಿದಳು. ಉಂಡಿ ಅಂದರೆ ಎಂಥಾದ್ದು? ಹುಡುಗರು ಕ್ರಿಕೆಟ್ ಆಡಬಹುದಾಗಿತ್ತು! ಬೆಳಿಗ್ಗೆ ಎರಡು, ಸಂಜೆ ಎರಡು. ನಡುವೆ ಅಳ್ವಿ ಬೀಜದ ಪಾಯಸ, ಸಬ್ಬಸಗಿ ಪಲ್ಯ, ಬಳ್ಳೊಳ್ಳಿ ಹಾಕಿದ ತೊಗರಿಬೇಳೆ, ರೊಟ್ಟಿಯ ಮೇಲೆ ರೊಟ್ಟಿ.

ನನ್ನ ಕಷ್ಟ ಬೇರೆಯೇ ಇತ್ತು. ಎರಡು ತಿಂಗಳಿಗೆ ಮೈದುನನ ಮದುವೆ. ಅದಕ್ಕೆಂದೇ ಉಡಬೇಕೆಂದಿದ್ದ ರೇಷ್ಮೆ ಸೀರೆಯ ಕುಪ್ಪಸ ಈಗ ನನ್ನ ಒಂದು ತೋಳಿಗಷ್ಟೇ ಒಪ್ಪುತ್ತಿತ್ತು. ಕನ್ನಡಿ ಕಂಡರೆ ಅಳು ಬರುತ್ತಿತ್ತು. ಗುಟ್ಟಾಗಿ ಫೋನಿನಲ್ಲಿ ತೂಕ ಇಳಿಸುವ ಆ್ಯಪ್ ಹಾಕಿಕೊಂಡೆ. ಅದು ವಯಸ್ಸು ಕೇಳಿತು, ಎತ್ತರ ಕೇಳಿತು, ದಿನಕ್ಕೆ ಸಾವಿರದ ಇನ್ನೂರು ಕ್ಯಾಲೊರಿ ಸಾಕೆಂದು ತೀರ್ಪು ಕೊಟ್ಟಿತು. ಹಡೆದಿದ್ದೀಯೇನು ಎಂದು ಅದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂಟಿನುಂಡಿಯ ಲೆಕ್ಕ ಕೇಳಿದರೆ ಬೇಸನ್ ಉಂಡಿ ತೋರಿಸಿ ಕೈತೊಳೆದುಕೊಂಡಿತು.

ಸರಿ, ಉಂಡಿಗಳು ಗಂಡನ ಪಾಲಾದವು. ದೊಡ್ಡವ್ವ ಅತ್ತ ತಿರುಗಿದರೆ ಸಾಕು, ರೊಟ್ಟಿಯೂ ಅವರ ತಟ್ಟೆಗೆ ಜಾರುತ್ತಿತ್ತು. ಪಾಪ, ಅವರು ಮೊದಮೊದಲು ಬೇಡವೆಂದರು. ನಾಲ್ಕನೆಯ ದಿನದಿಂದ ಅವರೇ ಸಂಜೆ ಜಲ್ದಿ ಮನೆಗೆ ಬರತೊಡಗಿದರು!

ತಿಂಗಳಾಗುವುದರೊಳಗೆ ದೊಡ್ಡವ್ವ ಅವರನ್ನು ಬಾಗಿಲಲ್ಲೇ ತಡೆದಳು.

"ಅಳಿಯಂದ್ರ, ನಾ ಬಂದಾಗ ಎಪ್ಪತ್ತು ಇದ್ರಿ. ಈಗ ಎಪ್ಪತ್ನಾಕು ಆಗೀರಿ. ಈ ಮನ್ಯಾಗ ಹಡದವರು ಯಾರ್ರಿ?"

"ಆಫೀಸಿನಾಗ ಕುಂತು ಕುಂತು ಹಿಂಗಾಗ್ಯಾದ್ರಿ ಅತ್ತಿ," ಎಂದರು ಇವರು ನೆಲ ನೋಡುತ್ತ.

"ಹೌದಾ? ಹಂಗಾರ ದಿನಾ ಜಗತ್ ಸರ್ಕಲ್ ತನಕ ನಡಕೋತ ಹೋಗಿ ಬರ್ರಿ. ರಾತ್ರಿ ರೊಟ್ಟಿ ಬಂದ್. ಮಜ್ಜಿಗಿ ಕುಡೀರಿ."

ಹೀಗೆ ತೂಕ ಇಳಿಸಬೇಕಾದವಳು ನಾನು, ಪಥ್ಯ ಬಿದ್ದದ್ದು ಗಂಡನಿಗೆ! ಹಸಿದ ಗಂಡ ಇನ್ನೂ ನಿಷ್ಠೆಯಿಂದ ನನ್ನ ಉಂಡಿ ತಿನ್ನತೊಡಗಿದರು. ಇತ್ತ ನಾನು ಇಳಿಯುತ್ತಿದ್ದೆ. ದೊಡ್ಡವ್ವನ ಕಣ್ಣಿಗೆ ಅದೂ ಬಿತ್ತು. ಆದರೆ ಆಕೆ ಹಿಗ್ಗಿ ಹೀರೇಕಾಯಿಯಾದಳು. "ನೋಡು, ನನ್ನ ಉಂಡಿ ಮೈಗೆ ಹತ್ತವಲ್ದು, ಎಲ್ಲಾ ಹಾಲಾಗಿ ಹೋಗಾಕತ್ತದ," ಎಂದು ನನ್ನ ಬೆನ್ನು ತಟ್ಟಿದಳು. ನನಗೆ ನಾಚಿಕೆಯಾಯಿತು. ಆದರೂ ಕುಪ್ಪಸದೊಳಗೆ ಎರಡನೆಯ ತೋಳೂ ಹೋಗಿತ್ತಲ್ಲ, ಆ ಖುಷಿಯಲ್ಲಿ ನಾಚಿಕೆಯನ್ನು ನುಂಗಿಕೊಂಡೆ.

ದಿನವೂ ಮಗಳಿಗೆ ಎರೆದು, ಬಟ್ಟೆಯಲ್ಲಿ ಸುತ್ತಿ, ದೊಡ್ಡವ್ವ ಎರಡೂ ಅಂಗೈ ಮೇಲೆ ಎತ್ತಿ ತೂಗುತ್ತಿದ್ದಳು. ಆಕೆಗೆ ಗ್ರಾಮು ಹಿಡಿಸುವುದಿಲ್ಲ, ಹಳೆಯ ಸೇರು-ಛಟಾಕಿನ ಲೆಕ್ಕವೇ ಬೇಕು. "ಇವತ್ತ ಅರ್ಧ ಛಟಾಕು ಏರ್ಯಾಳ ನಮ್ಮ ಬಂಗಾರಿ!" ಎಂದು ಕೂಗುವಳು. ಒಂದು ದಿನ ಎತ್ತಿದವಳು ಕೂಗಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಮಗುವನ್ನು ಇಳಿಸದೆ ಹಾಗೇ ಹಿಡಿದುಕೊಂಡು ನಿಂತಳು.

"ಕೂಸು ಏರಿಲ್ಲ," ಎಂದಳು.

"ನಿನ್ನ ಕೈ ತಪ್ಪಿರಬೇಕು ದೊಡ್ಡವ್ವಾ. ವಯಸ್ಸಾತು," ಎಂದು ನಾನು ನಕ್ಕೆ.

ಆಕೆ ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು, "ಆಟೋ ಕರೀ," ಎಂದಳು.

ದವಾಖಾನೆಯ ತಕ್ಕಡಿ ದೊಡ್ಡವ್ವನ ಕೈಯ ಮಾತನ್ನೇ ಹೇಳಿತು. ಮೂರು ದಿನದ ಹಿಂದೆ ಲಸಿಕೆಗೆ ಬಂದಾಗ ಎಷ್ಟಿತ್ತೋ ಮಗಳ ತೂಕ ಈಗಲೂ ಅಷ್ಟೇ. ಮಗಳನ್ನು ಎತ್ತಿ ಎದೆಗವಚಿಕೊಂಡೆ. ಡಾಕ್ಟರಮ್ಮ ನನ್ನ ಮುಖ ನೋಡಿ, "ಏನ್ ಉಣ್ಣಾಕತ್ತೀರಿ? ಖರೆ ಹೇಳ್ರಿ," ಎಂದರು. ಅಡಗಿಸಿಟ್ಟದ್ದೆಲ್ಲ ಬಾಯಿಗೆ ಬಂತು, ಆ್ಯಪು, ಕುಪ್ಪಸ, ಉಂಡಿ, ಗಂಡ, ಎಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

"ಅಳಬ್ಯಾಡ್ರಿ, ಕೆಟ್ಟದ್ದೇನೂ ಆಗಿಲ್ಲ," ಎಂದರು ಡಾಕ್ಟರಮ್ಮ. "ಹಾಲು ಕುಡಿಸೋರಿಗೆ ಮಾಮೂಲಿ ಊಟಕ್ಕಿಂತ ದಿನಾ ನಾಲ್ಕನೂರು, ಐನೂರು ಕ್ಯಾಲೊರಿ ಹೆಚ್ಚೇ ಬೇಕು. ನೀವು ಉಲ್ಟಾ ಕಡಿಮಿ ಮಾಡೀರಿ. ಹೊಟ್ಟಿ ತುಂಬ ಉಣ್ರಿ, ನೀರಡಿಸಿದಷ್ಟು ನೀರು ಕುಡೀರಿ, ಕೂಸಿಗೆ ಪದೇ ಪದೇ ಕುಡಸ್ರಿ, ಹಾಲು ಮತ್ತ ಏರ್ತದ. ಹತ್ತು ದಿನ ಬಿಟ್ಟು ಕರಕೊಂಡ್ ಬರ್ರಿ, ತೂಗಿ ನೋಡೂಣು. ನಿಮ್ಮ ಮೈ ನಿಧಾನಕ್ಕ ಇಳೀತದ. ತಿಂಗಳಿಗೆ ಒಂದೆರಡು ಕೆಜಿ ಇಳದ್ರ ಬೇಕಾದಷ್ಟಾತು."

ದೊಡ್ಡವ್ವ ಮುಂದೆ ಬಾಗಿದಳು. "ಡಾಕ್ಟರಮ್ಮಾ, ಐನೂರು ಕ್ಯಾಲೊರಿ ಅಂದ್ರ ಎಷ್ಟು ರೊಟ್ಟಿ?"

"ಎರಡು ರೊಟ್ಟಿ, ಒಂದ್ ವಾಟಿ ಬ್ಯಾಳಿ, ಒಂದ್ ಬಾಳಿಹಣ್ಣು ಅಂತ ತಿಳೀರಿ."

"ಇಷ್ಟೇ? ನಾ ಇಷ್ಟನ್ನ ನಾಷ್ಟಾಕ್ಕ ಮೊದಲೇ ಕೊಡ್ತೀನಲ್ರೀ!"

"ನೀವೂ ಜರಾ ಕಡಿಮಿ ಮಾಡ್ರಿ ಅಮ್ಮಾ. ನಾಕು ಉಂಡಿ ಬ್ಯಾಡ, ಒಂದು ಸಾಕು."

ದೊಡ್ಡವ್ವ ಡಾಕ್ಟರಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೇ ನಲವತ್ತಾರು ಕೆಜಿ ಅದೀರಿ. ನಿಮಗೇನ್ ತಿಳೀತದ ಉಂಡಿ ವಿಚಾರ!" ಡಾಕ್ಟರಮ್ಮ ನಕ್ಕು, ನಲವತ್ತಾರೇ ಎಂದು ಒಪ್ಪಿಕೊಂಡರು.

ಕೋಟೆಯ ಮುಂದೆ ಆಟೋ ಸಾಗುವಾಗ ಬೈಗುಳಕ್ಕೆ ಕಾದು ಕುಳಿತೆ. ಊಹ್ಞೂಂ, ದೊಡ್ಡವ್ವ ಮಗುವಿನ ಕುಲಾವಿ ಸರಿಮಾಡುತ್ತ ಕುಳಿತಳು. ಮನೆಗೆ ಬಂದವಳೇ ಒಲೆ ಹಚ್ಚಿ ರೊಟ್ಟಿ ಬಡಿಯಲು ಕುಳಿತಳು. ಮಗಳಿಗೆ ಕುಡಿಸಿ ಮಲಗಿಸಿ ಅಡುಗೆಮನೆಗೆ ಹೋದೆ.

"ಬೈಯವಲ್ಲೆ ಯಾಕ ದೊಡ್ಡವ್ವಾ? ಹಿಂಗ ಸುಮ್ಮ ಕುಂದ್ರಬ್ಯಾಡ."

ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು. "ನನ್ನ ಬಾಣಂತನದಾಗ ನಮ್ಮತ್ತಿ ಹೊತ್ತಿಗೆ ಒಂದೇ ರೊಟ್ಟಿ ಕೊಡ್ತಿದ್ಲು. ನೀರು ಅರ್ಧ ವಾಟಿ. ಹೆಚ್ಚು ಕೊಟ್ರ ಹೊಟ್ಟಿ ಬರ್ತದ ಅಂತಿದ್ಲು. ಆಕಿ ಕಟುಕಿ ಅಲ್ಲವ್ವ, ಆಕಿಗೂ ಯಾರೋ ಹಂಗೇ ಕಲಿಸಿದ್ರು. ನನ್ನ ಹಾಲು ಬತ್ತಿತು. ದಿನಾ ಮುಂಜಾನಿ ಎತ್ತಿದ್ರ ನನ್ನ ಮಗ ನಿನ್ನಿಗಿಂತ ಹಗುರ ಇರ್ತಿದ್ದ. ಈ ಕೈಗೆ ಎಲ್ಲಾ ತಿಳೀತಿತ್ತು. ಹತ್ತೊಂಬತ್ತು ವರ್ಷದಾಕಿ, ಯಾರ ಮುಂದ ಹೇಳಲಿ? ಮೂರು ತಿಂಗಳಿಗೆ ಹೋಗಿಬಿಟ್ಟ." ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, "ಇನ್ನೊಂದು ಉಣ್ಣವ್ವಾ ಅಂತ ಒಬ್ಬರಾದ್ರೂ ಅಂದಿದ್ರ..." ಎಂದಳು.

ದೊಡ್ಡವ್ವನಿಗೆ ಮಕ್ಕಳಾಗಿರಲಿಲ್ಲ ಎಂದಷ್ಟೇ ನನಗೆ ಗೊತ್ತಿತ್ತು. ಆಗಿತ್ತೆಂದು, ಇತ್ತೆಂದು, ಮನೆಯಲ್ಲಿ ಯಾರೂ ಎಂದೂ ಹೇಳಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಆಕೆಯ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಕೈಯಲ್ಲಿದ್ದ ಹಿಟ್ಟು ಕಸಿದುಕೊಂಡು, ಆಕೆಯನ್ನು ಗೋಡೆಗೆ ಒರಗಿಸಿ ಕೂಡಿಸಿದೆ. ಮುಂದೆ ತಟ್ಟೆ ಇಟ್ಟು ಬಿಸಿರೊಟ್ಟಿ, ಬೇಳೆ, ಮೇಲಿಷ್ಟು ತುಪ್ಪ ಬಡಿಸಿದೆ.

"ನನಗ್ಯಾಕವ್ವ? ಬಾಣಂತಿ ನೀನು."

"ಉಣ್ಣು ದೊಡ್ಡವ್ವಾ."

ಒಂದು ರೊಟ್ಟಿ ಮುಗಿಸಿದಳು. "ಇನ್ನೊಂದು ಉಣ್ಣು," ಎಂದು ಮತ್ತೊಂದು ಹಾಕಿದೆ. ಬೇಡವೆನ್ನಲಿಲ್ಲ. ನಾನೂ ತಟ್ಟೆ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ. ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಇಬ್ಬರೂ ಹೊಟ್ಟೆ ತುಂಬ ಉಂಡೆವು.