ಬೇವಿನ ಮರಕ್ಕೆ ನೇತುಹಾಕಿದ ಫೋನುಗಳು

ನನ್ನ ಷಡ್ಡಕ ಎಂಟು ಸಂಸಾರ ನಡೆಸುತ್ತಾನೆ. ಒಂಬತ್ತನೆಯದು ಅವನ ಸ್ವಂತದ್ದು; ಅದನ್ನು ನನ್ನ ನಾದಿನಿ ನಡೆಸುತ್ತಾಳೆ. ದುಡುಕಿ ಏನೇನೋ ಊಹಿಸಬೇಡಿ.

ಆದಿವಾಲದ ಬಳಿ ಹೆದ್ದಾರಿಯ ಡಿವೈಡರ್ ಮೇಲೆ ಕಣಗಿಲೆ ಗಿಡಗಳಿವೆಯಲ್ಲ, ಅವನ್ನು ಕತ್ತರಿಸಿ ನೀರುಣಿಸುವ ಎಂಟು ಜನರ ತಂಡಕ್ಕೆ ಅವನು ಮೇಸ್ತ್ರಿ. ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದ ನಾನು ಅದೇ ತಂಡದ ಹಾಜರಿ ಬರೆಯುತ್ತೇನೆ. ಒಂದು ದಿನ ನೀರು ಬಿಡುತ್ತಿದ್ದ ತಿಪ್ಪೇಶ ಫೋನಿನಲ್ಲಿ ಮಾತಾಡುತ್ತಾ ತಿರುಗಿದ. ಪೈಪೂ ತಿರುಗಿತು. ಕಿಟಕಿ ತೆರೆದ ಕಾರೊಂದರೊಳಗೆ ಕೂತಿದ್ದವರು, ನಮ್ಮ ಕೆಲಸ ನೋಡಲೆಂದೇ ಬಂದ ಇಂಜಿನಿಯರ್. ತೊಯ್ದ ಫೈಲನ್ನು ಹಿಂಡುತ್ತಾ ಅವರು ಹೇಳಿದ್ದು ಇಷ್ಟೇ: "ಇನ್ನೊಂದು ಸಲ ಡಿವೈಡರ್ ಮೇಲೆ ಫೋನ್ ಕಂಡರೆ ಇಡೀ ತಂಡ ಮನೆಗೆ."

ಸಂಜೆಯೊಳಗೆ ನಾನು ನಿಯಮ ಬರೆದೆ. ಕೆಲಸದ ವೇಳೆ ಫೋನುಗಳು ಮೇಸ್ತ್ರಿಯ ವಶದಲ್ಲಿರತಕ್ಕದ್ದು. ಕರೆ ಬಂದರೆ ಮೇಸ್ತ್ರಿಯೇ ವಿಚಾರಿಸಿ ತಿಳಿಸತಕ್ಕದ್ದು. ಎರಡೇ ಸಾಲು. ಅದರಿಂದ ಇಷ್ಟು ಅನಾಹುತವಾದೀತೆಂದು ಯಾರಿಗೆ ಗೊತ್ತಿತ್ತು?

ಮರುದಿನ ಷಡ್ಡಕ ಎಂಟು ಈರುಳ್ಳಿ ಬಲೆಚೀಲ ತಂದು, ಒಂದೊಂದಕ್ಕೆ ಒಂದೊಂದು ಫೋನು ಹಾಕಿ ರಸ್ತೆಬದಿಯ ಬೇವಿನ ಮರಕ್ಕೆ ನೇತುಹಾಕಿದ.

"ಪೆಟ್ಟಿಗೆ ಸಿಗಲಿಲ್ಲವೇನಯ್ಯ?"

"ಬಲೆ ಆದ್ರೆ ಯಾರ ದೀಪ ಹತ್ತಿತು ಅಂತ ಕಾಣ್ತದಲ್ಲಣ್ಣ."

ಅಂದಿನಿಂದ ಬೆಳಗಿನ ಹಾಜರಿ ಜನರಿಗಲ್ಲ, ಫೋನುಗಳಿಗೆ. ಹೆಸರು ಕೂಗಿ ತನ್ನ ಫೋನಿನಿಂದ ರಿಂಗ್ ಕೊಡುತ್ತಿದ್ದ. ಮರದಲ್ಲಿ ಅದು ಹಾಡಿದರೆ ಹಾಜರು. ಎಂಟು ಬಗೆಯ ಹಾಡು! ಹಿರಿಯೂರಿಗೆ ಹೋಗಬೇಕಾದವರು ಬಸ್ಸು ಬಿಟ್ಟು ನಿಂತು ಕೇಳಿದ್ದುಂಟು.

ಇನ್ನು ವಿಚಾರಿಸುವುದು. "ತಿಪ್ಪೇಶ ಗಿಡದಾಗೆ ಅದಾನಮ್ಮ, ನನಗೇ ಹೇಳ್ರಿ" ಎಂದು ಶುರು. ಮೊದಮೊದಲು ಹೆಂಗಸರು ನಾಚಿದರು. ವಾರ ಕಳೆಯುವುದರಲ್ಲಿ ಗಂಡನನ್ನು ಕೇಳುವುದನ್ನೇ ಬಿಟ್ಟರು. ಸೈಟು ಮಾರುವ ಹುಡುಗಿಯೊಬ್ಬಳಿಗೆ ಕಣಗಿಲೆಯನ್ನು ಎಲ್ಲಿ ಕತ್ತರಿಸಬೇಕೆಂದು ಎಷ್ಟು ಹೊತ್ತು ವಿವರಿಸಿದನೆಂದರೆ, ಆಕೆಯೇ ಕ್ಷಮೆ ಕೇಳಿ ಫೋನಿಟ್ಟಳು. ಊಟದ ಹೊತ್ತಿಗೆ ನೋಟ್‌ಬುಕ್ ತೆರೆದು ಎಲ್ಲರೆದುರು ವರದಿ:

"ತಿಪ್ಪೇಶ, ಕೊತ್ತಂಬರಿ ಎರಡು ಕಟ್ಟು. ನಿನ್ನೆ ಜಗಳ ಇನ್ನೂ ಮುಗಿದಿಲ್ವಂತೆ."

"ಅದನ್ನೂ ಬರ್ಕಂಡ್ರಾ ಮೇಸ್ತ್ರಿ?"

"ವಿಚಾರಿಸೀನಿ. ತಪ್ಪು ನಿಂದೇ ಕಣಲೇ."

ಈ ವರದಿಗೆ ನಗದವಳು ಸಣ್ಣಕ್ಕ ಒಬ್ಬಳೇ. ಅವಳ ಮಗಳು ಹೆರಿಗೆಗೆಂದು ಹೊಸದುರ್ಗದ ಆಸ್ಪತ್ರೆ ಸೇರಿದ್ದಳು. ಮೊದಲ ಮಗು ಉಳಿದಿರಲಿಲ್ಲ. ಜೊತೆಗೆ ಒಬ್ಬರಿಗಷ್ಟೇ ಜಾಗವೆಂದು ಮಗಳ ಅತ್ತೆ ಅಲ್ಲಿ ನಿಂತು, ಸಣ್ಣಕ್ಕ ಕೆಲಸಕ್ಕೆ ಬಂದಿದ್ದಳು. ಮರುದಿನ ಬೆಳಿಗ್ಗೆ ಫೋನನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದು ಕೇಳಿದಳು:

"ಇವತ್ತೊಂದಿನ ಸೊಂಟದಾಗೆ ಇಟ್ಕಂತೀನಿ ಮೇಸ್ತ್ರಿ."

"ಆಗಲ್ಲಕ್ಕ. ಎಂಟು ಮನೆ ಅನ್ನ ಐತೆ ಇದ್ರಾಗೆ."

ನಿಯಮ ಬರೆದವನು ನಾನು. ಸರಿ ಎಂಬಂತೆ ತಲೆಯಾಡಿಸಿದೆ.

ಹನ್ನೊಂದರ ಸುಮಾರಿಗೆ ಸಣ್ಣಕ್ಕನ ಚೀಲ ಬೆಳಗಿತು. ಎಂಟು ಮನೆಯ ಗುಟ್ಟು ತಿಂದು ಕೂತಿದ್ದ ಮನುಷ್ಯ ಫೋನನ್ನು ಅಂಗೈ ಮೇಲಿಟ್ಟುಕೊಂಡು ಸುಮ್ಮನೆ ನೋಡಿದ.

"ಎತ್ತಯ್ಯ, ವಿಚಾರಿಸು."

"ಈ ಸುದ್ದಿ ನಾನು ಮೊದ್ಲು ಕೇಳಬಾರ್ದಣ್ಣ."

ಓಡಿದ. ಅವಳಿದ್ದದ್ದು ಅರ್ಧ ಮೈಲಿ ದೂರದಲ್ಲಿ. ಏದುಸಿರು ಬಿಡುತ್ತಾ ನಾನೂ ಹಿಂದೆ ಹೋದೆ. ದಾರಿಯಲ್ಲಿ ರಿಂಗ್ ನಿಂತಿತು, ಅವನು ನಿಲ್ಲಲಿಲ್ಲ. ಮತ್ತೆ ಶುರುವಾಗುವಷ್ಟರಲ್ಲಿ ಡಿವೈಡರ್ ಹತ್ತಿ ಫೋನನ್ನು ಅವಳ ಕೈಗಿಟ್ಟಿದ್ದ.

"ಇಂಜಿನಿಯರ್ ಬಂದರೆ ಏನು ಹೇಳ್ತೀಯ?" ಎಂದೆ.

"ಅವರನ್ನೂ ನಿಲ್ಲಿಸ್ತೀನಿ."

ವಾಹನಗಳಿಗೆಂದು ಅಲ್ಲಿ ನೆಟ್ಟಿದ್ದ ಕೆಂಪು ಬಾವುಟ ಕಿತ್ತು ಹಿಡಿದು ಸಣ್ಣಕ್ಕನಿಗೆ ಅಡ್ಡವಾಗಿ ನಿಂತ. ಅವಳು ಗಿಡಗಳ ನಡುವೆ ಕುಸಿದು ಕೂತು, "ಹೆಣ್ಣಾ? ಅಳ್ತೈತಾ? ಕೂಸು ಅಳ್ತೈತಾ?" ಎಂದು ಕೇಳಿದ್ದನ್ನೇ ಕೇಳುತ್ತಾ ತಾನೂ ಅಳುತ್ತಿದ್ದಳು. ನಗುತ್ತಲೂ ಇದ್ದಳು.

ಲಾರಿಯವನೊಬ್ಬ ಬ್ರೇಕ್ ಹಾಕಿ ತಲೆ ಹೊರಗೆ ಚಾಚಿದ. "ಏನಾತ್ರಿ ಮುಂದೆ?"

"ಹೆಣ್ಮಗು ಆಗೈತೆ," ಎಂದ ಷಡ್ಡಕ. "ನಿಧಾನಕ್ಕೆ ಹೋಗಪ್ಪ."