ಲೈಸೆನ್ಸಿನ ಪೌತಿ

ಗಂಡ ಸತ್ತ ಮೇಲೆ ಸಿಂಧಘಟ್ಟದ ಮಾಯಮ್ಮನಿಗೆ ಬುದ್ಧಿ ಹೇಳುವವರು ಹೆಚ್ಚಾದರು. ಅಳಬೇಡ ಅನ್ನುವವರು ಕೆಲವರು, ಇನ್ನೊಂದು ಸ್ವಲ್ಪ ಅಳಬೇಕಿತ್ತು ಅನ್ನುವವರು ಕೆಲವರು. ಮೈದುನ ಶಿವಣ್ಣ ಮಾತ್ರ ಅಳುವಿನ ಸುದ್ದಿಗೇ ಬರಲಿಲ್ಲ. ಅವನ ಕಣ್ಣೆಲ್ಲ ಜಗಲಿ ಪಕ್ಕ ನಿಂತಿದ್ದ ಅಣ್ಣನ ಮೊಪೆಡ್ಡಿನ ಮೇಲೆ.

"ಅತ್ಗೆ, ಗಾಡಿ ತುಕ್ಕಿಡೀತದೆ. ನಂಗೆ ಕೊಟ್ಬುಡು. ನಿಂಗೇನು ಲೈಸೆನ್ಸ್ ಐತಾ?"

"ಐತೆ."

"ಯಾವಾಗ್ ಮಾಡುಸ್ದೆ?"

"ಮಾಡ್ಸೋದೇನ್ಲಾ? ನಿಮ್ಮಣ್ಣಂದು ಪೌತಿಯಾಗಿ ನಂಗೆ ಬಂದೈತೆ."

ಇದರಲ್ಲಿ ಮಾಯಮ್ಮನ ತಪ್ಪೇನಿಲ್ಲ. ಬೋರಯ್ಯ ತೀರಿಕೊಂಡಾಗ ಹೊಲ ಅವಳ ಹೆಸರಿಗೆ ಪೌತಿ ಖಾತೆಯಾಗಿತ್ತು. ಕಾಗದ ಕೊಟ್ಟ ಗ್ರಾಮಲೆಕ್ಕಿಗರು, "ಬೋರಯ್ಯನ ಹೆಸರಲ್ಲಿ ಇದ್ದದ್ದೆಲ್ಲ ಇನ್ನು ನಿಮ್ದೇ ಕಣಮ್ಮ" ಅಂದಿದ್ದರು. ಲೈಸೆನ್ಸೂ ಬೋರಯ್ಯನ ಹೆಸರಲ್ಲೇ ಇತ್ತು. ಎರಡನೇ ಕ್ಲಾಸು ಓದಿದವಳಿಗೆ ಇಷ್ಟೂ ಲೆಕ್ಕ ಬಾರದೆ? (ಬೋರಯ್ಯನ ಹೆಸರಲ್ಲಿ ದೊಡ್ಡ ಗೊರಕೆಯೂ ಇತ್ತು. ಅದೂ ಮಾಯಮ್ಮನಿಗೇ ಬಂದಿದೆ ಎಂದು ಪಕ್ಕದ ಮನೆಯ ಜಯಲಕ್ಷ್ಮಮ್ಮ ಹೇಳುತ್ತಾಳೆ.)

ಆ ಜಯಲಕ್ಷ್ಮಮ್ಮನೇ ಈಗ ಗೋಡೆಯಾಚೆಯಿಂದ ಬಾಯಿ ಹಾಕಿದಳು. "ಲೈಸೆನ್ಸು ಎತ್ತಿನ ಗಾಡಿಗೆ ಬೇಡ, ಸೈಕಲ್ಗೆ ಬೇಡ, ಸ್ವಂತ ಗದ್ದೇಲಿ ಓಡುಸ್ಕಂಡ್ರೆ ಬೇಡ, ಸರಿ. ಗಂಡ ಸತ್ತೋರ್ಗೂ ಬೇಡ ಅಂತ ಯಾವಾಗ್ ಮಾಡುದ್ರೇ?"

"ಅಂಗಾರೆ ಸಂತೆ ದಿನ ಕೆ.ಆರ್. ಪೇಟೆಗೋಗಿ, ಗಾಡಿ ಮೇಲೇ ಕೂತ್ಕಂಡು ವಾಪಸ್ ಬಾ ಅತ್ಗೆ" ಅಂದ ಶಿವಣ್ಣ. "ಬಂದ್ರೆ ಇನ್ನ ಗಾಡಿ ಸುದ್ದಿ ಎತ್ತಕಿಲ್ಲ. ಇಲ್ದಿದ್ರೆ ಗಾಡಿ ನಂದು."

"ಆಗ್ಲಿ ಹೋಗ್ಲಾ."

ಸೀಟು ಹರಿದಾಗ ಬೋರಯ್ಯ ತನ್ನ ಹಳೇ ಪಂಚೆಯ ತುಂಡು ಇಟ್ಟು ಹೊಲಿದಿದ್ದ. ಅವನ ಬಟ್ಟೆಯನ್ನೆಲ್ಲ ಹೊಳೆಗೆ ಬಿಟ್ಟಾಗಿತ್ತು. ಉಳಿದದ್ದು ಅಷ್ಟೇ. ಅದನ್ನು ಕೊಡುವುದುಂಟೆ?

ಸಂತೆ ದಿನ ಮಾಯಮ್ಮನ ದಂಡಯಾತ್ರೆ ಹೊರಟಿತು. ಗದ್ದೆಯಲ್ಲಿ ಗಂಡ ಕಲಿಸಿದ ವಿದ್ಯೆ ರಸ್ತೆಯಲ್ಲೂ ಕೈಬಿಡಲಿಲ್ಲ. ಪೇಟೆಯ ಬಾಗಿಲಲ್ಲಿ ಪೊಲೀಸ್ ಪೇದೆ ಕೈ ಅಡ್ಡ ಹಿಡಿದ. ಮಾಯಮ್ಮ ಜಂಬದಿಂದಲೇ ಲೈಸೆನ್ಸ್ ತೆಗೆದುಕೊಟ್ಟಳು.

"ಏನಮ್ಮ, ಇದ್ರಲ್ಲಿ ಮೀಸೆ ಐತಲ್ಲ?"

"ನಮ್ಮೆಜಮಾನ್ರುದು ಸ್ವಾಮಿ. ಪೌತಿಯಾಗೈತೆ." ವೈರ್ ಬ್ಯಾಗಿನಿಂದ ಮರಣದ ಸರ್ಟಿಫಿಕೇಟು, ವಂಶವೃಕ್ಷ, ರೇಷನ್ ಕಾರ್ಡು ತೆಗೆದು ಸೀಟಿನ ಮೇಲೆ ಹರಡಿದಳು. "ನೋಡ್ಕಳಿ. ವಾರಸುದಾರ್ತಿ ನಾನೊಬ್ಳೇ."

ಪೇದೆಗೆ ನಗು ಬಂತು. ಅವಳ ಬೋಳು ಹಣೆ ಕಂಡು ನುಂಗಿಕೊಂಡ. ಅವನು ನಕ್ಕಿದ್ದರೇ ವಾಸಿಯಿತ್ತು.

"ಲೈಸೆನ್ಸು ಮನ್ಸನ ಜೊತೇಲೇ ಹೋಯ್ತದೆ ಕಣಮ್ಮ. ಅದುಕ್ಕೆ ವಾರಸುದಾರ್ರಿಲ್ಲ. ಪಾಪ, ಗಂಡನ್ನ ಕಳ್ಕಂಡೋರು, ದಂಡ ಆಕಕಿಲ್ಲ. ಊರ್ಗಂಟ ತಳ್ಕಂಡೋಗಿ, ತಳ್ಳಕ್ಕೆ ಲೈಸೆನ್ಸ್ ಬೇಡ. ಮುಂದೆ ಹೋಗಿ ಹತ್ಕಬ್ಯಾಡಿ ಮತ್ತೆ. ಎಜಮಾನ್ರ ಮೇಲೆ ಆಣೆ ಇಡಿ."

ಇಟ್ಟಳು. (ಬೇರೆ ಯಾರ ಮೇಲಾದರೂ ಆಗಿದ್ದರೆ ಮೊದಲ ತಿರುವಿನಲ್ಲೇ ಹತ್ತಿಬಿಡುತ್ತಿದ್ದಳು.) ಸಂತೆಗೆ ಬಂದವರೆಲ್ಲ ನಿಂತು "ಅಯ್ಯೋ ಪಾಪ" ಅಂದರು. ಘನ ಸರ್ಕಾರದ ವಿನಾಯಿತಿ ಕೊನೆಗೂ ಸಿಕ್ಕಿತ್ತು, ಗಂಡ ಸತ್ತವಳೆಂಬ ಕರುಣೆಯಲ್ಲಿ. ಮಾಯಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ದಾರಿಯುದ್ದಕ್ಕೂ ಕೇಳಿದವರಿಗೆಲ್ಲ "ಪೆಟ್ರೋಲ್ ಮುಗೀತು" ಅಂದಳು. ಊರಲ್ಲಿ ಶಿವಣ್ಣನಿಗೂ ಅದನ್ನೇ ಅಂದಳು. ಜಯಲಕ್ಷ್ಮಮ್ಮನ ಜೊತೆ ಅರ್ಧ ಕೇರಿ ಸೇರಿತ್ತು.

"ಪೆಟ್ರೋಲ್ ಮುಗುದ್ರೆ ಸೋತಂಗಲ್ಲ ಬುಡು ಅತ್ಗೆ" ಅಂದ ಶಿವಣ್ಣ. ಓಡಿಹೋಗಿ ಅಂಗಡಿಯಿಂದ ಬಾಟಲಿ ಪೆಟ್ರೋಲ್ ತಂದ. ಅಷ್ಟು ಒಳ್ಳೆಯತನವನ್ನು ಅವಳು ಅವನಿಂದ ನಿರೀಕ್ಷಿಸಿರಲಿಲ್ಲ. ಬೇಡ, ಬೇಡ ಅನ್ನುತ್ತಿರುವಾಗಲೇ ಮುಚ್ಚಳ ತೆಗೆದು ಸುರಿದ. ಪಂದ್ಯದ ಉತ್ಸಾಹಕ್ಕೆ ಬೆಳಿಗ್ಗೆ ಅವಳೇ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದ್ದಳು. ಪೆಟ್ರೋಲ್ ಉಕ್ಕಿ ಇಂಜಿನ್ನಿನ ಮೇಲೆಲ್ಲ ಹರಿದು ಅವಳ ಪಾದ ತೋಯಿಸಿತು.

"ಅತ್ಗೆ, ತುಂಬೈತಲ್ಲ!"

ಕೇರಿಯವರೆಲ್ಲ ಟ್ಯಾಂಕಿನೊಳಗೆ ಬಗ್ಗಿ ನೋಡಿದರು.

"ಪೊಲೀಸ್ನೋರು ತಳ್ಕಂಡೋಗು ಅಂದ್ರು ಕಣಪ್ಪ" ಅಂದಳು ಮಾಯಮ್ಮ, ಪಾದ ನೋಡುತ್ತಾ. ಆಮೇಲೆ ಕೊನೆಯ ಆಸೆಯಿಂದ ತಲೆ ಎತ್ತಿದಳು. "ನಿಂಗೈತಾ ಲೈಸೆನ್ಸು?"

ಶಿವಣ್ಣ ಜೇಬಿನಿಂದ ತೆಗೆದು ತೋರಿಸಿದ. ಫೋಟೋದಲ್ಲಿದ್ದ ಮೀಸೆ ಅವನದೇ.

"ಮಾತು ಅಂದ್ರೆ ಮಾತು ಅತ್ಗೆ" ಎಂದು ಮುಖ ಆಚೆ ತಿರುಗಿಸಿ ಗಾಡಿ ಹತ್ತಿದ. ಪೆಡಲು ತುಳಿದ, ತುಳಿದ. ತೊಯ್ದ ಇಂಜಿನ್ ಕೆಮ್ಮಿತೇ ಹೊರತು ಹತ್ತಲಿಲ್ಲ.

"ಅತ್ಗೆ, ಒಸಿ ತಳ್ಳು!"

ಇಡೀ ದಿನ ತಳ್ಳಿ ಪಳಗಿದ ಕೈ. ಮಾಯಮ್ಮ ಸೆರಗು ಸಿಕ್ಕಿಸಿ ತಳ್ಳಿದಳು. ಗಾಡಿ ಹೊಗೆಯನ್ನು ಅವಳ ಮುಖಕ್ಕೆ ಉಗಿದು ಬುರ್ರೆಂದು ಹೊರಟಿತು. ಹಿಂದಿನಿಂದ ನೋಡಿದರೆ ಶಿವಣ್ಣನ ಬೆನ್ನು ಥೇಟ್ ಬೋರಯ್ಯನ ಬೆನ್ನೇ. ಮಾಯಮ್ಮನ ಬಲಗೈ, ಬೆಳಿಗ್ಗೆ ಬೆಳಿಗ್ಗೆ ಬಾಗಿಲಲ್ಲಿ ನಿಂತು ಎತ್ತುತ್ತಿದ್ದ ಹಾಗೆ, ಹೋಗಿ ಬಾ ಎಂದು ತಾನಾಗಿ ಮೇಲೆದ್ದಿತು.

"ನೋಡ್ರೇ, ಸೋತ ಗಾಡಿಗೆ ಟಾಟಾ ಮಾಡ್ತಾವ್ಳೆ!" ಅಂದಳು ಜಯಲಕ್ಷ್ಮಮ್ಮ. ಕೇರಿಗೆ ಕೇರಿಯೇ ಹೊಟ್ಟೆ ಹಿಡಿದು ನಕ್ಕಿತು.

ಮಾಯಮ್ಮ ಆ ಕೈಯಿಂದ ತಲೆ ಕೆರೆದುಕೊಂಡು ಒಳಗೆ ಹೋದಳು.